ಮಿಕ್ಕ ಹೆಂಗಸರು: ಹಿಂದಿ ಸಿನಿಮಾದ ಒಂಟಿ ತಾಯಿ ಮತ್ತು ನಮ್ಮ ಅವ್ವಂದಿರು

ಮಳವಳ್ಳಿ ಕಡೆಯ ನಮ್ಮೂರಿನ ಹೊರಗೆ, ಸುಗ್ಗಿ ಮುಗಿದ ಮೇಲೆ ಗದ್ದೆಬಯಲಲ್ಲಿ ಟೆಂಟು ಹಾಕುತ್ತಿದ್ದರು. ಹಿಂದಿ ಚಿತ್ರ ಬರುತ್ತಿದ್ದುದು ಅಪರೂಪ. ಬಂದರೂ ಬೆಂಗಳೂರು ಮೈಸೂರುಗಳಲ್ಲಿ ಓಡಿ ಸವೆದು, ಅಲ್ಲಲ್ಲಿ ತುಂಡಾಗಿ, ಮಳೆ ಹುಯ್ದ ಹಾಗೆ ಗೆರೆ ಬಿದ್ದ ರೀಲು. 1975ರ ‘ದೀವಾರ್’ ನಮ್ಮ ಟೆಂಟಿಗೆ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ. ನೆಲದ ಟಿಕೇಟಿನಲ್ಲಿ ಅವ್ವನ ಪಕ್ಕ ಕೂತು ನೋಡಿದೆ. ನನಗೂ ಹಿಂದಿ ಬಾರದು, ಅವ್ವನಿಗಂತೂ ಮೊದಲೇ ಬಾರದು. ಆದರೆ ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಎರಡು ಗಂಡುಮಕ್ಕಳ ಕೈ ಹಿಡಿದುಕೊಂಡು ಊರು ಬಿಟ್ಟು ಬೊಂಬಾಯಿಗೆ ಬರುವುದು ಅರ್ಥವಾಗಲು ಯಾವ ಭಾಷೆ ಬೇಕು? ನಿರೂಪಾ ರಾಯ್ ತಲೆ ಮೇಲೆ ಇಟ್ಟಿಗೆ ಹೊತ್ತಾಗ ಟೆಂಟಿನ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವ್ವ ಅಳಲಿಲ್ಲ. ಆಟ ಮುಗಿದು ನಾಲೆ ಏರಿಯ ಮೇಲೆ ನಡೆದು ಬರುವಾಗ ಕೇಳಿದಳು: “ಅಲ್ಕಣ್ಲಾ, ಆ ಮಗ ಅವ್ವಂಗೆ ಅಂತ ಅಷ್ಟು ದೊಡ್ಡ ಕಟ್ಟಡನೇ ತಗಂಡ. ಅವ್ಳ ಜೊತೇಲಿ ಇಟ್ಗೆ ಹೊರ್ತಿದ್ರಲ್ಲ ಮಿಕ್ಕ ಹೆಂಗಸ್ರು, ಅವರೆತ್ತಾಗೋದ್ರು?”

ನನಗೆ ಆಗ ಅವ್ವನ ಮೇಲೆ ಸಿಟ್ಟು ಬಂದಿತ್ತು. ಅಮಿತಾಭ್ ಸತ್ತ ದುಃಖದಲ್ಲಿದ್ದ ಹುಡುಗನಿಗೆ ಇದೆಂಥ ಪ್ರಶ್ನೆ! ಆಮೇಲೆ ಎಷ್ಟೋ ವಿಮರ್ಶೆ ಓದಿದೆ, ಸೆಮಿನಾರುಗಳಲ್ಲಿ ಕೂತೆ, ನಾನೂ ಒಂದಿಷ್ಟು ಬರೆದೆ. ಹಿಂದಿ ಸಿನಿಮಾದ ತಾಯಿಯ ಬಗ್ಗೆ ಇದಕ್ಕಿಂತ ಬುಡಕ್ಕೆ ಹೋಗುವ ಪ್ರಶ್ನೆಯನ್ನು ನಾನು ಕೇಳಿಲ್ಲ. ಈ ಬರಹ ಆ ಪ್ರಶ್ನೆಯ ಹಿಂದೆ ಹೋಗುವ ಪ್ರಯತ್ನ.

ಅವ್ವ ನನ್ನನ್ನೂ ತಂಗಿಯನ್ನೂ ಒಬ್ಬಳೇ ಸಾಕಿದಳು. ಅಪ್ಪ ಶಿವನಸಮುದ್ರದ ಕಡೆ ಕೆಲಸ ಅಂತ ಹೋದವನು ತಿರುಗಿ ಬರಲಿಲ್ಲ. ಕೇರಿಯಲ್ಲಿ ಇದೊಂದು ಸುದ್ದಿಯೇ ಅಲ್ಲ. ನಮ್ಮ ಸಾಲಿನಲ್ಲೇ ಅಂಥ ಮನೆಗಳು ಬೇರೆಯೂ ಇದ್ದವು. ಒಬ್ಬಳ ಗಂಡ ಹೆಂಡಕ್ಕೆ ಬಿದ್ದು ಸತ್ತಿದ್ದ, ಒಬ್ಬಳವನು ಇನ್ನೊಬ್ಬಳನ್ನು ಕಟ್ಟಿಕೊಂಡು ಕೊಳ್ಳೇಗಾಲ ಸೇರಿದ್ದ, ಒಬ್ಬಳಿಗೆ ಗಂಡ ಅಂತಲೇ ಇರಲಿಲ್ಲ, ಮಗು ಇತ್ತು. ‘ಗಂಡ್‌ ದಿಕ್ಕಿಲ್ದೋಳು’ ಅಂತ ಊರೋರು ಅನ್ನುತ್ತಿದ್ದರು. ಕೇರಿಯೋರು ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಬೆಳಗಾದರೆ ಗಂಡಿದ್ದವಳೂ ಇಲ್ಲದವಳೂ ಒಂದೇ ಗದ್ದೆಯ ಕೆಸರಿಗೆ ಇಳಿಯಬೇಕಿತ್ತು. ನಮ್ಮವರು ಇದರಿಂದ ದೊಡ್ಡ ಉದಾರಿಗಳು ಅಂತ ನಾನು ಹೇಳುತ್ತಿಲ್ಲ. ಕುಡಿದ ಗಂಡಸರ ಕೈಗೆ ಸಿಕ್ಕ ಹೆಂಗಸರ ಬೆನ್ನು ನಾನೂ ನೋಡಿದ್ದೇನೆ.

ಹಿಂದಿ ಸಿನಿಮಾದಲ್ಲಿ ಒಬ್ಬಳೇ ಮಕ್ಕಳನ್ನು ಸಾಕುವ ತಾಯಿ ಇಲ್ಲದ ದಶಕವೇ ಇಲ್ಲ. ‘ಆರಾಧನಾ’ (1969)ದ ತಾಯಿ ತನ್ನ ಮಗನಿಗೇ ಆಯಾ ಆಗಿ ಸೇರುತ್ತಾಳೆ, ‘ತ್ರಿಶೂಲ್’ (1978)ನ ತಾಯಿ ಮಗನ ಎದೆಯಲ್ಲಿ ಅಪ್ಪನ ಮೇಲಿನ ಸೇಡು ಬಿತ್ತಿ ಸಾಯುತ್ತಾಳೆ, ‘ಕರಣ್ ಅರ್ಜುನ್’ (1995)ನ ತಾಯಿ ಕೊಲೆಯಾದ ಮಕ್ಕಳು ಮತ್ತೆ ಹುಟ್ಟಿ ಬರುವವರೆಗೆ ಕಾಳಿಯ ಗುಡಿಯಲ್ಲಿ ಕಾಯುತ್ತಾಳೆ. ಇವೆಲ್ಲವನ್ನೂ ಇಲ್ಲಿ ಬಿಡಿಸಿ ನೋಡುವ ಅಗತ್ಯವಿಲ್ಲ. ಮೂರು ಚಿತ್ರ ಸಾಕು. ಅದರಲ್ಲಿ ಮೊದಲನೆಯದು ಮಂಡ್ಯದವರಿಗೆ ಬಲು ಹತ್ತಿರದ್ದು.

ಮೆಹಬೂಬ್ ಖಾನರ ‘ಮದರ್ ಇಂಡಿಯಾ’ (1957) ಶುರುವಾಗುವುದೇ ನಾಲೆಗೆ ನೀರು ಬಿಡುವ ಸಮಾರಂಭದಿಂದ. ಊರಿನ ತಾಯಿ ಅಂತ ಮುದುಕಿ ರಾಧೆಯ ಕೈಯಿಂದ ನೀರು ಬಿಡಿಸುತ್ತಾರೆ. ಅಲ್ಲಿಂದ ಕಥೆ ಹಿಂದಕ್ಕೆ ಹೋಗಿ, ಕೊನೆಗೆ ಮತ್ತೆ ಆ ನಾಲೆಗೇ ಬಂದು ನೀರು ನೆತ್ತರ ಬಣ್ಣಕ್ಕೆ ತಿರುಗುತ್ತದೆ. 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಕನ್ನಂಬಾಡಿ ಕಟ್ಟೆ ಕೆಲಸ, ಮುಂದೆ ವಿಶ್ವೇಶ್ವರಯ್ಯ ನಾಲೆ ಅನ್ನಿಸಿಕೊಂಡ ಇರ್ವಿನ್ ನಾಲೆ, 1933ರ ಮೈಷುಗರ್ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ. ಹೀಗೆ ನೀರಿನಿಂದಲೇ ಹುಟ್ಟಿದ ಸೀಮೆ ನಮ್ಮದು. ನೀರು ಬಂತು ಸರಿ, ಯಾರ ಗದ್ದೆಗೆ ಬಂತು? ಭೂಮಿ ಇದ್ದವನಿಗೆ ನೀರು ಬಂತು. ಕೇರಿಗೆ ಬಂದದ್ದು ನಾಟಿ, ಕಳೆ, ಕೊಯ್ಲು, ಕಬ್ಬು ಕಡಿಯುವ ಕೂಲಿ, ಆಲೆಮನೆಯ ಬೆಂಕಿಯ ಮುಂದಿನ ಕೆಲಸ. ತೂಬು ಎತ್ತಿ ನೀರು ತಿರುಗಿಸುವ ನೀರುಗಂಟಿ ನಮ್ಮವನು, ನೀರು ಕುಡಿಯುವ ಗದ್ದೆ ಊರಿನವರದು. ಮಳವಳ್ಳಿಯಂಥ ನಾಲೆಯ ಬಾಲದ ಕಡೆಗೆ ಬಂದರೆ ಊರಿನವರಿಗೇ ನೀರು ತಲುಪದ ವರ್ಷ ಕೂಲಿಯೂ ಇಲ್ಲ.

ರಾಧೆಯ ಕಷ್ಟ ಸುಳ್ಳಲ್ಲ. ಅತ್ತೆ ಮದುವೆಗೆ ಅಂತ ತಂದ ಐನೂರು ರೂಪಾಯಿ ಸಾಲ, ಓದು ಬಾರದವರ ಹೆಬ್ಬೆಟ್ಟು, ಸಾಹುಕಾರ ಸುಖೀಲಾಲನ ಲೆಕ್ಕ, ಬಂಡೆಯಡಿ ಎರಡೂ ಕೈ ಕಳೆದುಕೊಂಡು ನಾಚಿಕೆಗೆ ಮನೆ ಬಿಟ್ಟುಹೋಗುವ ಗಂಡ. ಎತ್ತಿಲ್ಲದೆ ನೊಗಕ್ಕೆ ತಾನೇ ಹೆಗಲು ಕೊಡುವ ನರ್ಗಿಸಳ ಚಿತ್ರ ಇಡೀ ದೇಶಕ್ಕೆ ಗೊತ್ತು. ಆದರೆ ಆ ನೊಗ ಇರುವುದು ಅವಳ ಹೊಲದಲ್ಲಿ. ಒತ್ತೆ ಬಿದ್ದಿದ್ದರೂ ಅದು ಅವಳದು. ರಾಧೆಯ ಕಥೆ ಭೂಮಿ ಕಳೆದುಕೊಳ್ಳುವ ಕಥೆ. ಕಳೆದುಕೊಳ್ಳಲು ಭೂಮಿಯೇ ಇಲ್ಲದವಳಿಗೆ ಆ ಕಥೆಯೊಳಗೆ ಜಾಗವಿಲ್ಲ, ಆಕೆ ಹಿಂದೆ ನಿಂತು ಹಾಡುವ ಗುಂಪಿನಲ್ಲಿ ಇರಬಹುದು. ಇದು ಸಿನಿಮಾದ ಮಾತು ಮಾತ್ರವಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲ ತೀರಿಸಲಾರದೆ ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡಾಗ, ಅವರ ಹೆಂಡಿರ ಮುಂದೆ ಮೈಕು ಬಂತು, ಮಂತ್ರಿಗಳು ಬಂದರು. ಬರಬೇಕಾದದ್ದೇ. ಪರಿಹಾರಕ್ಕೆ ಪಹಣಿ ಬೇಕು, ಸಾಲದ ಕಾಗದ ಬೇಕು. ಅದೇ ಕಬ್ಬು ಕಡಿಯಲಿಕ್ಕೆ ಮುಂಗಡ ತಿಂದು ನೇಣು ಹಾಕಿಕೊಂಡ ಕೂಲಿಯವನಿಗೆ ಪಹಣಿ ಎಲ್ಲಿಂದ ಬರಬೇಕು? ಅವನು ರೈತನಲ್ಲ. ಅವನ ಹೆಂಡತಿ ರಾಧೆಯಲ್ಲ.

ಇನ್ನು ‘ಮಾನ’ದ ವಿಚಾರ. ಹಸಿದ ಮಕ್ಕಳಿಗಾಗಿ ಸುಖೀಲಾಲನ ಮನೆಗೆ ಹೋದ ರಾಧೆ ಕೊನೆಗಳಿಗೆಯಲ್ಲಿ ತನ್ನ ಮಾನ ಉಳಿಸಿಕೊಂಡು ಬರುತ್ತಾಳೆ. ಮುಂದೆ, ದರೋಡೆಕೋರನಾದ ಅವಳ ಮಗ ಬಿರ್ಜು ಅದೇ ಸುಖೀಲಾಲನ ಮಗಳನ್ನು ಎತ್ತಿಕೊಂಡು ಹೋಗುವಾಗ, ಊರ ಹೆಣ್ಣಿನ ಮಾನ ಅಂತ ಸ್ವಂತ ಮಗನನ್ನೇ ಗುಂಡಿಟ್ಟು ಕೊಲ್ಲುತ್ತಾಳೆ. ಪಂಡಿತರು ಇದನ್ನು ತ್ಯಾಗ ಅಂದರು, ಭಾರತೀಯ ನಾರಿ ಅಂದರು. ಕೇರಿಯಿಂದ ನೋಡಿದರೆ ಬೇರೆ ಪ್ರಶ್ನೆ ಏಳುತ್ತದೆ. ಊರ ಮಾನಕ್ಕಾಗಿ ತಾಯಿ ಮಗನನ್ನು ಕೊಂದಳು. ಕೇರಿಯ ಹೆಣ್ಣುಮಗಳ ಮಾನ ಹೋದಾಗ ಯಾವ ಊರ ತಾಯಿ ತನ್ನ ಮಗನ ಮೇಲೆ ಕೋವಿ ಎತ್ತಿದ್ದಾಳೆ? ನಮ್ಮಲ್ಲಿ ಕೋವಿ ತಿರುಗಿದ ದಿಕ್ಕೇ ಬೇರೆ. 2010ರ ದಶಕದ ಆರಂಭದಲ್ಲಿ ಇದೇ ಮದ್ದೂರು ತಾಲೂಕಿನಲ್ಲಿ ದಲಿತ ಹುಡುಗನನ್ನು ಪ್ರೀತಿಸಿದಳೆಂದು ಹುಡುಗಿಯನ್ನು ಮನೆಯವರೇ ಕೊಂದರೆಂಬ ಪ್ರಕರಣ ಪತ್ರಿಕೆಗಳಲ್ಲಿ ಬಂತು. ಊರ ಮಾನ ಅಂದರೆ ಜಾತಿಯ ಮಾನ ಎಂಬುದನ್ನು ‘ಮದರ್ ಇಂಡಿಯಾ’ ಹೇಳುವುದಿಲ್ಲ, ಆದರೆ ಮುಚ್ಚಿಡಲೂ ಆಗಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಆ ತಾಯಿ ಬರೀ ಅಪ್ಪನ ಕೆಲಸ ಮಾಡುವುದಿಲ್ಲ, ಊರ ಯಜಮಾನನ ಕೆಲಸವನ್ನೂ ಮಾಡಿಬಿಡುತ್ತಾಳೆ.

*

‘ದೀವಾರ್’ ಬರೆದ ಸಲೀಂ-ಜಾವೇದ್ ಇದೇ ತಾಯಿಯನ್ನು ಹಳ್ಳಿಯಿಂದ ಎತ್ತಿ ಬೊಂಬಾಯಿಯ ಫುಟ್‌ಪಾತಿಗೆ ತಂದರು. ಗಂಡ ಆನಂದಬಾಬು ಕಾರ್ಮಿಕರ ಮುಖಂಡ. ಹೆಂಡತಿ ಮಕ್ಕಳ ಜೀವ ಉಳಿಸಿಕೊಳ್ಳಲು ಮಾಲೀಕ ಹೇಳಿದಲ್ಲಿ ಸಹಿ ಹಾಕಿ, ಕಾರ್ಮಿಕರ ಕಣ್ಣಲ್ಲಿ ದ್ರೋಹಿಯಾಗಿ, ಮುಖ ತೋರಿಸಲಾರದೆ ಮಾಯವಾಗುತ್ತಾನೆ. ದೊಡ್ಡ ಮಗನ ತೋಳಿನ ಮೇಲೆ ಅವನಪ್ಪ ಕಳ್ಳ ಅಂತ ಜನ ಹಚ್ಚೆ ಹಾಕಿಸುತ್ತಾರೆ. ಆ ಹಚ್ಚೆಯೇ ಇಡೀ ಚಿತ್ರದ ಬೀಜ.

ಟೆಂಟಿನಲ್ಲಿ ಕೂತ ನಮ್ಮಂಥ ಹುಡುಗರಿಗೆ ವಿಜಯ್ ಯಾಕೆ ನಮ್ಮವನು ಅನ್ನಿಸಿದ ಅಂತ ಈಗ ಯೋಚಿಸಿದರೆ ಹೊಳೆಯುವುದು ಆ ಹಚ್ಚೆ. ಹುಟ್ಟಿದ ತಪ್ಪಿಗೆ ಮೈಮೇಲೆ ಬರೆದ, ಎಷ್ಟು ತಿಕ್ಕಿದರೂ ಹೋಗದ ಬರಹ. ಜಾತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ರೂಪಕ ಹಿಂದಿ ಸಿನಿಮಾದಲ್ಲಿ ಇನ್ನೊಂದಿಲ್ಲ. ಆದರೆ ಚಿತ್ರಕ್ಕೆ ಇದರ ಅರಿವಿಲ್ಲ! ವಿಜಯ್ ವರ್ಮಾನ ಹಚ್ಚೆ ಅವನಿಗೆ ಆದ ಅನ್ಯಾಯ, ಒಂದು ಆಕಸ್ಮಿಕ. ನಮ್ಮ ತೋಳಿಗೆ ಹಚ್ಚೆ ಹಾಕುವವನು ಬರಬೇಕಾಗಿಲ್ಲ, ಸ್ಕೂಲಿನ ಟಿ.ಸಿ.ಯಲ್ಲಿ ಅಚ್ಚಾಗಿರುತ್ತದೆ. ವಿಜಯ್ ಕೋಟಿ ಕೂಡಿಟ್ಟರೂ ಹಚ್ಚೆ ಅಳಿಸಲಾಗಲಿಲ್ಲ ಅಂತ ಜನ ಕಣ್ಣೀರಿಟ್ಟರು. ಪದವಿ, ಕಾರು, ಬೆಂಗಳೂರಿನಲ್ಲಿ ಸೈಟು ಎಲ್ಲ ಇದ್ದೂ ಬಾಡಿಗೆ ಮನೆ ಕೇಳಲು ಹೋದಾಗ ‘ನಿಮ್ಮದು ಯಾವ ಕಡೆ, ಯಾವ ಪೈಕಿ’ ಅಂತ ಕೇಳಿಸಿಕೊಂಡವರು ಆ ಕಣ್ಣೀರಿನಲ್ಲಿ ಸ್ವಲ್ಪ ಉಪ್ಪು ಕಡಿಮೆ ಅಂತ ಹೇಳಬಲ್ಲರು.

ದೇವಸ್ಥಾನದ ಮೆಟ್ಟಿಲ ದೃಶ್ಯವನ್ನು ಇಲ್ಲಿ ನೆನೆಯಬೇಕು. ತಾಯಿಯೂ ಕಿರಿಮಗನೂ ಒಳಗೆ ಹೋಗುತ್ತಾರೆ, ಹಿರಿಯ ಹುಡುಗ ದೇವರ ಮೇಲಿನ ಸಿಟ್ಟಿಗೆ ಮೆಟ್ಟಿಲ ಮೇಲೇ ಕೂರುತ್ತಾನೆ. ಬೆಳೆದು ದೊಡ್ಡವನಾದರೂ ಹೊರಗೇ ನಿಲ್ಲುತ್ತಾನೆ. ಕೊನೆಗೆ ತಾಯಿಗೆ ಕಾಯಿಲೆಯಾದಾಗ ಒಳಗೆ ಹೋಗಿ ದೇವರ ಜೊತೆ ಜಗಳ ಆಡುತ್ತಾನೆ, ದೇವಸ್ಥಾನದಲ್ಲೇ ತಾಯಿಯ ತೊಡೆಯ ಮೇಲೆ ಸಾಯುತ್ತಾನೆ. ಸಿಟ್ಟಿನ ಯುವಕ ಅಂತ ಇಡೀ ದೇಶ ಕೊಂಡಾಡಿದ ಬಂಡಾಯ ಇದು. ಬಾಗಿಲು ತೆರೆದಿರುವಾಗ ಒಳಗೆ ಹೋಗದೆ ಇರುವುದು ಬಂಡಾಯವಾಗಬಹುದು. ಬಾಗಿಲು ಮುಚ್ಚಿರುವವನ ಪಾಡೇನು? 1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ದೇವಾಲಯದ ಬಾಗಿಲಲ್ಲಿ ಸತ್ಯಾಗ್ರಹ ನಡೆಸಿದರು. 2024ರ ನವೆಂಬರಿನಲ್ಲಿ ಮಂಡ್ಯ ಪಕ್ಕದ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರ ದೇವಸ್ಥಾನದೊಳಕ್ಕೆ ಹೋದಾಗ ಮೇಲ್ಜಾತಿಯವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಟರು. ಹನಕೆರೆಯ ಹುಡುಗ ವಿಜಯನ ಹಾಗೆ ದೇವರ ಜೊತೆ ಜಗಳ ಆಡಬೇಕೆಂದರೂ ದೇವರೇ ಅಲ್ಲಿರಲಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರೋಣ. ಸುಮಿತ್ರಾದೇವಿ ಹುಟ್ಟಿನಿಂದ ಇಟ್ಟಿಗೆ ಹೊತ್ತವಳಲ್ಲ. ಒಂದು ಮರ್ಯಾದಸ್ಥ ಮನೆಯಿಂದ ಜಾರಿ ಆ ಕೆಲಸಕ್ಕೆ ಬಿದ್ದವಳು. ಅದಕ್ಕೇ ಅವಳ ತಲೆಯ ಇಟ್ಟಿಗೆ ನಮಗೆ ಭಾರ ಕಾಣುತ್ತದೆ. ಅವಳ ಎಡಕ್ಕೂ ಬಲಕ್ಕೂ ಅದೇ ಇಟ್ಟಿಗೆ ಹೊರುವ ಹೆಂಗಸರು ಇದ್ದಾರೆ. ಅವರು ಜಾರಿ ಬಿದ್ದವರಲ್ಲ, ಅಲ್ಲೇ ಹುಟ್ಟಿದವರು. ಅವರ ಇಟ್ಟಿಗೆಗೆ ಭಾರವಿಲ್ಲ, ಅದು ನೋಟದ ಹಿನ್ನೆಲೆ. ಹಿಂದಿ ಸಿನಿಮಾದ ಒಂಟಿ ತಾಯಿಯ ಗುಟ್ಟು ಇಷ್ಟೆ: ದುಡಿಮೆ ಅವಳಿಗೆ ಬಂದ ಶಿಕ್ಷೆ, ಮಗ ದೊಡ್ಡವನಾಗಿ ಅವಳನ್ನು ಅದರಿಂದ ಬಿಡಿಸಬೇಕು. ತಾಯಿ ಇಟ್ಟಿಗೆ ಹೊತ್ತ ಕಟ್ಟಡವನ್ನೇ ಮಗ ಖರೀದಿಸಿದ ಮೇಲೆ ಲೆಕ್ಕ ಚುಕ್ತಾ. ಅದನ್ನು ಕಟ್ಟಿದ ಮಿಕ್ಕ ಹೆಂಗಸರು ಇನ್ನೊಂದು ಕಟ್ಟಡಕ್ಕೆ ಇಟ್ಟಿಗೆ ಹೊರಲು ಹೋಗಿರುತ್ತಾರೆ. ಯೂನಿಯನ್ನಿನ ಬಾವುಟದಿಂದ ಶುರುವಾದ ಚಿತ್ರ ಒಬ್ಬ ಮಗನ ಖರೀದಿಯಲ್ಲಿ ಬಂದು ನಿಲ್ಲುವುದು ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ.

ಇಲ್ಲೂ ತಾಯಿ ಕಾನೂನಿನ ಕಡೆಗೇ. ಕಳ್ಳಸಾಗಣೆ ಮಾಡುವ ಮಗನನ್ನು ಬಿಟ್ಟು ಪೊಲೀಸ್ ಮಗನ ಜೊತೆ ಹೊರಡುತ್ತಾಳೆ, ಅಣ್ಣನನ್ನು ಹಿಡಿಯಲು ಹೊರಟ ತಮ್ಮನ ಕೈಗೆ ಪಿಸ್ತೂಲು ಕೊಡುತ್ತಾಳೆ. ರಾಧೆ ತಾನೇ ಹೊಡೆದಳು, ಸುಮಿತ್ರಾ ಹೊಡೆಸಿದಳು, ವ್ಯತ್ಯಾಸ ಇಷ್ಟೆ. ಇದರ ಪಕ್ಕಕ್ಕೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ತಂದು ನಿಲ್ಲಿಸಿ ನೋಡಿ. ಗಂಡಸರು ಇದ್ದರೂ ಆ ಮನೆ ನಡೆಯುವುದು ಆ ಮುದುಕಿಯ ಗಂಟಲಿನ ಮೇಲೆ. ಕಳೆದುಹೋದ ಹುಂಜಕ್ಕಾಗಿ ಕೇರಿ ಎಲ್ಲ ಅಲೆಯುವವಳು ಆಕೆ. ಮಗ ಸಾಹುಕಾರನ ಕಡೆಯಿಂದ ಕಡಲೆಕಾಯಿ ಮೂಟೆ ಕದ್ದು ತಂದಾಗ ಸಾಕವ್ವ ಧರ್ಮದ ಉಪದೇಶ ಮಾಡುವುದಿಲ್ಲ. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು. ಹಿಂದಿ ತಾಯಿಯ ಮನೆಗೆ ಕಾನೂನು ಮಗನ ವೇಷದಲ್ಲಿ, ಇಸ್ತ್ರಿ ಮಾಡಿದ ಖಾಕಿಯಲ್ಲಿ ಬರುತ್ತದೆ. ಸಾಕವ್ವನ ಮನೆಗೆ ಅದು ಬೂಟುಗಾಲಲ್ಲಿ ಮಡಕೆ ಕುಡಿಕೆ ಹುಡುಕಲು ಬರುತ್ತದೆ. ಆ ಕಡಲೆಕಾಯಿಯ ರಾತ್ರಿಯಲ್ಲಿ ಎಷ್ಟು ಸಂತೋಷ ಇದೆ ಅನ್ನುವುದನ್ನು ಕೂಡ ಗಮನಿಸಬೇಕು. ಹಿಂದಿ ಚಿತ್ರದ ಬಡ ತಾಯಿಯ ಮನೆಯಲ್ಲಿ ಹಸಿವು ಇರುತ್ತದೆ, ನಗು ಇರುವುದಿಲ್ಲ. ನಕ್ಕರೆ ತ್ಯಾಗ ಕೆಟ್ಟುಹೋದೀತೆಂಬ ಭಯವೋ ಏನೋ.

‘ದೀವಾರ್’ ಬಂದ ವರ್ಷವೇ, 1975ರಲ್ಲೇ, ಬಿ.ವಿ. ಕಾರಂತರು ಶಿವರಾಮ ಕಾರಂತರ ಕಾದಂಬರಿಯಿಂದ ‘ಚೋಮನ ದುಡಿ’ ಮಾಡಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ಚೋಮನೂ ಒಂಟಿ ತಂದೆ ಎಂಬುದನ್ನು ಯಾರೂ ಆ ಮಾತಿನಲ್ಲಿ ಹೇಳುವುದಿಲ್ಲ. ಹೆಂಡತಿ ಸತ್ತಿದ್ದಾಳೆ, ಐದು ಮಕ್ಕಳು, ಹೊಲೆಯನಾದ್ದರಿಂದ ಉಳಲು ಭೂಮಿ ಕೊಡುವವರಿಲ್ಲ. ಒಬ್ಬ ಮಗ ಜ್ವರಕ್ಕೆ ಹೋಗುತ್ತಾನೆ. ಚಿಕ್ಕವನು ಹೊಳೆಯಲ್ಲಿ ಮುಳುಗುವಾಗ ದಡದ ಮೇಲೆ ಜನ ಇದ್ದಾರೆ, ಮುಟ್ಟಿದರೆ ಮೈಲಿಗೆ ಅಂತ ಕೈ ಚಾಚುವವರಿಲ್ಲ. ಅಪ್ಪನ ಸಾಲಕ್ಕೆ ಮಗಳು ಬೆಳ್ಳಿ ಎಸ್ಟೇಟಿನಲ್ಲಿ ತನ್ನನ್ನೇ ತೆರಬೇಕಾಗುತ್ತದೆ. ಸುಮಿತ್ರಾ ಇಟ್ಟಿಗೆ ಹೊತ್ತು ಒಬ್ಬ ಮಗನನ್ನಾದರೂ ಸಬ್‌ಇನ್ಸ್‌ಪೆಕ್ಟರ್ ಮಾಡಿದಳು. ಚೋಮ ಎಷ್ಟು ದುಡಿದರೂ ಒಂದು ಮಗುವನ್ನೂ ಉಳಿಸಿಕೊಳ್ಳಲಾರ. ಇದು ಸತ್ಯಕ್ಕೆ ಹತ್ತಿರ. ಆದರೆ ಚೋಮನಿಗೆ ದುಡಿ ಬಡಿಯುತ್ತ ಸಾಯುವುದೊಂದೇ ದಾರಿ ಉಳಿಸಿದ ಲೇಖಕನ ಕರುಣೆಯ ಬಗ್ಗೆ ನಮ್ಮ ತಕರಾರು ಇದ್ದೇ ಇದೆ. ಚಿತ್ರ ಬರುವ ಹೊತ್ತಿಗೆ ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಜಾರಿಯಾಗಿ ‘ಉಳುವವನೇ ಹೊಲದೊಡೆಯ’ ಎಂಬ ಕೂಗು ಎದ್ದಿತ್ತು. ಗೇಣಿ ಚೀಟಿ ಇದ್ದವನು ಉಳುವವನಾದ. ಜೀತಕ್ಕಿದ್ದವನು ಉತ್ತರೂ ಉಳುವವನಾಗಲಿಲ್ಲ. ಅದೇ ಹೊತ್ತಿಗೆ ದಲಿತ ಸಂಘರ್ಷ ಸಮಿತಿಯ ಹುಡುಗರು ಭೂಮಿ ಕೇಳಿ ಜಾಥಾ ಹೊರಡತೊಡಗಿದರು. ದುಡಿಯ ಬದಲು ತಮಟೆ ಹಿಡಿದ ಆ ಚೋಮರ ಕಡೆ ಕ್ಯಾಮರಾ ತಿರುಗಲಿಲ್ಲ.

ತಮಟೆ ಅಂದಾಗ ‘ಜೋಗಿ’ (2005) ನೆನಪಾಗುತ್ತದೆ. ಮದ್ದೂರು ಸೀಮೆಯಿಂದ ಹೋದ ಪ್ರೇಮ್ ತೆಗೆದ ಚಿತ್ರ, ಹಿಂದಿಯದಲ್ಲ, ಆದರೆ ‘ದೀವಾರ್’ನ ಮೊಮ್ಮಗು. ಬೆಂಗಳೂರು ಸೇರಿ ರೌಡಿಯಾದ ಮಗ ಮಾದೇಶ, ಅವನನ್ನು ಹುಡುಕಿಕೊಂಡು ಬಂದು ಬೀದಿ ಬೀದಿ ಅಲೆಯುವ ತಾಯಿ ಅರುಂಧತಿ ನಾಗ್. ನಮ್ಮ ಮಳವಳ್ಳಿ ಮದ್ದೂರಿನ ಎಷ್ಟೋ ತಾಯಂದಿರು ಮೆಜೆಸ್ಟಿಕ್ಕಿನಲ್ಲಿ ಇಳಿದು ಮಗನ ಫೋಟೊ ಹಿಡಿದು ನಿಂತದ್ದು ಸುಳ್ಳಲ್ಲ, ಆದ್ದರಿಂದ ಚಿತ್ರ ನಮ್ಮಲ್ಲಿ ಆ ಪಾಟಿ ಓಡಿತು. ಕೊನೆಯಲ್ಲಿ ತನ್ನ ತಾಯಿಯದೇ ಹೆಣ ಅಂತ ಗೊತ್ತಿಲ್ಲದೆ ಮಗ ಅದರ ಮುಂದೆ ಕುಣಿಯುತ್ತಾನೆ. ಜನ ಥಿಯೇಟರಿನಲ್ಲಿ ಬಿದ್ದು ಅತ್ತರು. ಅಳಲಿ. ಆದರೆ ಊರ ಹೆಣದ ಮುಂದೆ ತಮಟೆ ಬಡಿಯುವುದು, ಕುಣಿಯುವುದು, ನಮ್ಮ ಹುಡುಗರಿಗೆ ಹುಟ್ಟಿನಿಂದ ಬಂದ ಚಾಕರಿ. ಮನೆಯಲ್ಲಿ ಸ್ವಂತ ತಾಯಿ ಕಾಯಿಲೆ ಬಿದ್ದಿದ್ದರೂ ಊರಲ್ಲಿ ಸಾವಾದರೆ ಹೋಗಲೇಬೇಕಿತ್ತು, ಹೋಗದಿದ್ದರೆ ದಂಡ, ಬಹಿಷ್ಕಾರ. ಸಿನಿಮಾದ ನಾಯಕನಿಗೆ ಒಂದು ದಿನ ಆಕಸ್ಮಿಕವಾಗಿ ಆದದ್ದು ಮಹಾದುರಂತ. ನಮ್ಮವನಿಗೆ ಅದು ವಾರಕ್ಕೊಂದು ಸಲದ ಕೆಲಸ, ಪ್ರತಿ ಸಲವೂ ಯಾರದೋ ತಾಯಿ.

ಇದೇ ಸೀಮೆಯಲ್ಲಿ ರಾತ್ರಿಯಿಡೀ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ತಾಯಿ-ಮಗನ ಕಥೆ ಬೇರೆಯೇ ಥರ ಇದೆ ಅನ್ನುವುದನ್ನು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಧರೆಗೆ ದೊಡ್ಡವರು ನಿಡುಗಟ್ಟದ ಮುದ್ದಮ್ಮನ ಬಾಗಿಲಿಗೆ ಬಂದು ಭಿಕ್ಷೆಯಾಗಿ ಮಗನನ್ನೇ ಕೇಳುತ್ತಾರೆ. ತಾಯಿ ಕೊಡಲೊಲ್ಲಳು, ಕೊನೆಗೆ ಮಗ ಹೊರಡುತ್ತಾನೆ. ಕೆಂಪಾಚಾರಿ ಸಿದ್ದಪ್ಪಾಜಿಯಾಗಿ ಹಲಗೂರ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗಿ ಅವರ ಪರೀಕ್ಷೆ ಗೆಲ್ಲುತ್ತಾನೆ. ನಿಡುಗಟ್ಟ ಮದ್ದೂರಿಗೆ ಸೇರಿದ್ದು, ಹಲಗೂರು ಮಳವಳ್ಳಿಗೆ. ಅಲ್ಲಿ ಮಗ ದೊಡ್ಡವನಾಗುವುದು ತಾಯಿಯ ತೊಡೆಗೆ ವಾಪಸು ಬಂದಲ್ಲ. ಜಾತಿ ಬಿಟ್ಟು ಬೇರೊಂದು ಒಕ್ಕಲಿಗೆ ಸೇರಿ. ಸಿನಿಮಾ ಮಾಡುವವರು ಇದನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕಿತ್ತು.

*

ಮೂರನೆಯ ಚಿತ್ರ ‘ನಿಲ್ ಬಟ್ಟೆ ಸನ್ನಾಟಾ’ (2016). ನಿರ್ದೇಶಕಿ ಅಶ್ವಿನಿ ಅಯ್ಯರ್ ತಿವಾರಿ, ತಾಯಿ ಚಂದಾ ಆಗಿ ಸ್ವರಾ ಭಾಸ್ಕರ್. ಆಗ್ರಾದಲ್ಲಿ ಮನೆಗೆಲಸ ಮಾಡುವ ಗಂಡನಿಲ್ಲದ ಹೆಂಗಸು. ಮಗಳು ಅಪೇಕ್ಷಾ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸೊನ್ನೆ, ಕೆಲಸದವಳ ಮಗಳು ಕೆಲಸದವಳೇ ಆಗೋದು ಅನ್ನುವ ಹಟ. ಅವಳನ್ನು ಓದಿಸಲೇಬೇಕೆಂದು ಚಂದಾ ತಾನೇ ಮಗಳ ಕ್ಲಾಸಿಗೆ ಸೇರಿ, ಅದೇ ಬೆಂಚಿನ ಸಾಲಿನಲ್ಲಿ ಕೂರುತ್ತಾಳೆ.

ಅವ್ವ ಕೇಳಿದ ‘ಮಿಕ್ಕ ಹೆಂಗಸರ’ ಪೈಕಿ ಒಬ್ಬಳು ಕಡೆಗೂ ಪರದೆಯ ನಡುವಿಗೆ ಬಂದಳು ಅಂತ ನನಗೆ ಖುಷಿಯಾಯಿತು. ಚಂದಾ ಜಾರಿ ಬಿದ್ದವಳಲ್ಲ. ಅವಳ ದುಡಿಮೆಯನ್ನು ಚಿತ್ರ ಶಿಕ್ಷೆಯೆಂದು ತೋರಿಸುವುದಿಲ್ಲ, ಹಾಡಿಕೊಂಡು ಪಾತ್ರೆ ತಿಕ್ಕುವವಳಲ್ಲದಿದ್ದರೂ ಎದೆಯೆತ್ತಿ ನಡೆಯುವವಳು. ಆದರೆ ಅವಳ ಜಾತಿ ಯಾವುದು? ಚಿತ್ರ ಬಾಯಿ ಬಿಡುವುದಿಲ್ಲ. ಈ ದೇಶದಲ್ಲಿ ಇನ್ನೊಬ್ಬರ ಎಂಜಲು ತಟ್ಟೆ ತೊಳೆಯುವವಳಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಾರೆ, ಅಡಿಗೆಮನೆಗೆ ಎಲ್ಲಿಯ ತನಕ ಬಿಡುತ್ತಾರೆ ಎಂಬುದು ಜಾತಿ ಕೇಳದೆ ತೀರ್ಮಾನವಾಗುವುದಿಲ್ಲ. ಚಿತ್ರದ ಯಜಮಾನತಿ ಒಳ್ಳೆಯವಳು, ಶಾಲೆಗೆ ಸೇರಿಸುವವಳೂ ಅವಳೇ. ಒಳ್ಳೆಯವರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬ ಒಳ್ಳೆಯ ಯಜಮಾನತಿ, ಒಬ್ಬ ಒಳ್ಳೆಯ ಕಲೆಕ್ಟರು, ಒಂದಿಷ್ಟು ಗಣಿತ, ಇಷ್ಟು ಸೇರಿದರೆ ಕೂಲಿಯವಳ ಮಗಳು ಐಎಎಸ್ ಆಗುತ್ತಾಳೆ ಅನ್ನುವಾಗ ಮೀಸಲಾತಿ, ಹಾಸ್ಟೆಲು, ಸ್ಕಾಲರ್‌ಶಿಪ್ಪು, ಅದಕ್ಕಾಗಿ ಬೀದಿಗೆ ಬಂದ ಚಳವಳಿ ಎಲ್ಲವೂ ಮಾಯ. ಅಲ್ಲಿಗೆ ಅದು ಮತ್ತೆ ಒಬ್ಬ ತಾಯಿ, ಒಂದು ಮಗುವಿನ ಕಥೆ.

ಚಿತ್ರ ಬಿಡುಗಡೆಯಾದದ್ದು 2016ರ ಏಪ್ರಿಲ್ 22ಕ್ಕೆ. ಅದಕ್ಕೆ ಮೂರು ನಾಲ್ಕು ದಿನ ಮೊದಲು, ಏಪ್ರಿಲ್ 18, 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕನೂ ಇಲ್ಲದೆ ರಸ್ತೆಗಿಳಿದಿದ್ದರು. ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹಾಕಿದ ಹೊಸ ನಿರ್ಬಂಧದ ವಿರುದ್ಧ ಆ ಹೋರಾಟ. ಲಾಠಿ ತಿಂದರು, ಎರಡನೆಯ ದಿನಕ್ಕೇ ಸರ್ಕಾರ ಆದೇಶ ವಾಪಸು ತೆಗೆದುಕೊಂಡಿತು. ಮಂಡ್ಯ ಮದ್ದೂರು ಕಡೆಯಿಂದ ಬೆಳಗಿನ ಜಾವದ ರೈಲು ಬಸ್ಸು ಹತ್ತಿ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಹೆಂಗಸರನ್ನು ಬಲ್ಲ ಯಾರಿಗೂ ಆ ಪಿ.ಎಫ್. ದುಡ್ಡು ಏನೆಂದು ಗೊತ್ತು. ಅದು ಮಗಳ ಕಾಲೇಜು ಫೀಜು, ಬಾಣಂತನ, ಮನೆಗೆ ಹೆಂಚು. ಚಂದಾಳಂಥ ಸಾವಿರಾರು ತಾಯಂದಿರು ಒಟ್ಟಿಗೆ ನಿಂತು ಗೆದ್ದ ಆ ಎರಡು ದಿನದ ಬಗ್ಗೆ ಒಂದು ಹಿಂದಿ ಚಿತ್ರ ಬಂದರೆ ಅವ್ವನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕೀತು.

ಇಷ್ಟೆಲ್ಲ ತಕರಾರು ಇಟ್ಟುಕೊಂಡೂ ಆ ಚಿತ್ರದ ಒಂದು ಜಾಗದಲ್ಲಿ ನಾನು ಸೋತೆ. ತಾಯಿ ಕ್ಲಾಸಿಗೆ ಬಂದು ಕೂತಾಗ ಮಗಳಿಗೆ ಆಗುವ ನಾಚಿಕೆ. ಇವಳು ನನ್ನ ತಾಯಿ ಅಂತ ಯಾರಿಗೂ ತಿಳಿಯಬಾರದು ಎಂಬ ಗಾಬರಿ. ನಾನು ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಅವ್ವ ಒಂದು ದಿನ ಹುರಿಗಾಳು, ರೊಟ್ಟಿ ಗಂಟು ಕಟ್ಟಿಕೊಂಡು ಬಂದಳು. ಕಾಲಲ್ಲಿ ಗದ್ದೆಯ ಕೆಸರು ಪೂರ್ತಿ ಹೋಗಿರಲಿಲ್ಲ. ಕಾಲೇಜಿನ ಗೆಳೆಯನೊಬ್ಬ, ಊರ ಕಡೆಯ ಜಾತಿಯವನು, “ಯಾರೋ ಅದು?” ಅಂದ. “ನಮ್ಮೂರೋರು” ಅಂದುಬಿಟ್ಟೆ. ಅವ್ವನಿಗೆ ಕೇಳಿಸಿತು. ಏನೂ ಅನ್ನಲಿಲ್ಲ, ಗಂಟು ಕೈಗೆ ಕೊಟ್ಟು ಬಸ್ಸಿಗೆ ಹೊತ್ತಾಯ್ತು ಅಂತ ಹೊರಟಳು. ಮತ್ತೆ ಎರಡು ತಿಂಗಳಿಗೆ ಬಂದಾಗ ಗೇಟಿನ ಹತ್ತಿರ ಅದೇ ಗೆಳೆಯ ಸಿಕ್ಕಿ ಮಾತಾಡಿಸಿದನಂತೆ. ಅವ್ವ ತಾನೇ ಮುಂದಾಗಿ ಹೇಳಿದ್ದಳು: “ನಾನು ಆ ಹುಡ್ಗನ ಊರೋಳು ಕಣಪ್ಪಾ.”

ಹೊಲಗೇರಿಯಿಂದ ಹಾಸ್ಟೆಲಿಗೆ ಬಂದ ನಮ್ಮ ತಲೆಮಾರು ತಾಯಂದಿರ ಬಗ್ಗೆ ಎಷ್ಟು ಪದ್ಯ ಬರೆದಿದೆಯೋ ಲೆಕ್ಕವಿಲ್ಲ. ಆ ಪದ್ಯಗಳಲ್ಲೂ ಅವ್ವ ಹರಿದ ಸೀರೆಯ, ಒಣಗಿದ ಮೊಲೆಯ ತ್ಯಾಗಮಯಿಯೇ. ನಿರೂಪಾ ರಾಯ್ ನಮ್ಮ ಕವಿತೆಯೊಳಕ್ಕೂ ಬಂದು ಕೂತಿದ್ದಾಳೆ. ಅವಳು ಬಯ್ಯುವುದಿಲ್ಲ, ಎಲೆಯಡಿಕೆ ಹಾಕುವುದಿಲ್ಲ, ಇನ್ನೊಬ್ಬ ಗಂಡಸನ್ನು ಕಣ್ಣೆತ್ತಿ ನೋಡುವುದಿಲ್ಲ. ಸಂಘಟನೆಯ ವೇದಿಕೆಯ ಮೇಲೂ ಅವಳಿಗೆ ಕುರ್ಚಿ ಇರುತ್ತಿರಲಿಲ್ಲ, ಹಾಡು ಇರುತ್ತಿತ್ತು. ಬಾಬಾಸಾಹೇಬರ ತಾಯಿ ಭೀಮಾಬಾಯಿ ತೀರಿಕೊಂಡಾಗ ಅವರಿನ್ನೂ ಐದು ವರ್ಷದ ಆಸುಪಾಸಿನ ಮಗು. ಸಾಕಿದವಳು ಸೋದರತ್ತೆ ಮೀರಾ. ನಮ್ಮ ಕೇರಿಗಳ ಮನೆಮನೆಯಲ್ಲಿ ಬಾಬಾಸಾಹೇಬರ ಪಟ ಇದೆ, ರಮಾಬಾಯಿಯವರ ಪಟ ಇದೆ. ಆ ಸೋದರತ್ತೆಯ ಪಟ ನಾನು ಎಲ್ಲೂ ಕಂಡಿಲ್ಲ. ಹಿಂದಿ ಸಿನಿಮಾದವರನ್ನು ಬಯ್ಯುವ ಮೊದಲು ಇದನ್ನೂ ಹೇಳಿಕೊಳ್ಳಬೇಕು.

ನಾಚಿಕೆ ನಮ್ಮೊಳಗಿನದು ಮಾತ್ರವಲ್ಲ, ಅದನ್ನು ಬೆಳೆಸುವ ಕಾಗದಗಳೂ ಇವೆ. ತಂಗಿಯ ಮಗುವಿಗೆ ಜಾತಿ ಸರ್ಟಿಫಿಕೇಟು ಮಾಡಿಸಲು ಒಂದು ಕಚೇರಿಗೆ ಮೂರು ಸಲ ಅಲೆದೆವು. ಮಗುವಿನ ಅಪ್ಪ ಬೇರೆ ಜಾತಿಯವನು, ಬಿಟ್ಟುಹೋದವನು. ಅಪ್ಪನ ಕಾಗದ ತನ್ನಿ ಅನ್ನುವುದೊಂದೇ ಮಾತು. “ಓಡೋದೋನ ಕಾಗ್ದ ನಾನೆಲ್ಲಿಂದ ತರಾನೆ ಸಾಮಿ” ಅಂತ ತಂಗಿ ಕೇಳಿದರೆ ಗುಮಾಸ್ತ ನಕ್ಕ. 2012ರಲ್ಲೇ ಸುಪ್ರೀಂ ಕೋರ್ಟು ರಮೇಶಭಾಯಿ ದಭಾಯಿ ನಾಯಿಕಾ ಪ್ರಕರಣದಲ್ಲಿ, ಅಂತರ್ಜಾತಿ ಮದುವೆಯ ಮಗು ಅಪ್ಪನ ಜಾತಿಗೇ ಸೇರಬೇಕೆಂಬುದು ಕಟ್ಟಿಟ್ಟ ನಿಯಮವಲ್ಲ, ಪರಿಶಿಷ್ಟ ಜಾತಿಯ ತಾಯಿ ಸಾಕಿದ ಮಗು ಆ ತಾಯಿಯ ಹಾಗೇ ಅವಮಾನ ಉಂಡು ಬೆಳೆದಿದ್ದರೆ ಅದನ್ನು ತೋರಿಸಲು ಅವಕಾಶ ಇರಬೇಕು ಅಂತ ಹೇಳಿದೆ. 2015ರಲ್ಲಿ ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಅಂತಲೂ ಹೇಳಿತು. ತೀರ್ಪು ದೆಹಲಿಯಿಂದ ತಾಲೂಕು ಕಚೇರಿಯ ಟೇಬಲ್ಲಿಗೆ ಬರಲು ಎಷ್ಟು ದಿನ ಬೇಕೋ. ಕಾರ್ಯಕರ್ತ ಗೆಳೆಯರು ಈ ಎರಡು ತೀರ್ಪನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿರುವುದು ಒಳ್ಳೆಯದು, ನಮ್ಮ ಕೆಲಸ ಆದದ್ದೂ ಹಾಗೇ.

ಕಳೆದ ವರ್ಷ ಮಳವಳ್ಳಿಯಲ್ಲಿ ಕೆಲವು ಹಾಸ್ಟೆಲ್ ಹುಡುಗಿಯರಿಗೆ ‘ನಿಲ್ ಬಟ್ಟೆ ಸನ್ನಾಟಾ’ ತೋರಿಸಿದೆವು. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರು ಹಾಕಿ. ಕಡೆಯಲ್ಲಿ ಅಪೇಕ್ಷಾ ಇಂಟರ್ವ್ಯೂನಲ್ಲಿ ತಾಯಿಯನ್ನು ನೆನೆದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಚರ್ಚೆ ಅಂತ ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಜಾತಿ, ಮೀಸಲಾತಿ, ಚಳವಳಿ. ತಲೆಯಾಡಿಸಿ ಕೇಳಿಸಿಕೊಂಡರು. ಎದ್ದು ಹೋಗುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಹತ್ತಿರ ಬಂದಳು. ಅವಳ ತಾಯಿ ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ.

“ಸಾರ್, ಆ ಹುಡ್ಗಿ ಇಂಟರ್ವ್ಯೂಲಿ ಅವ್ವನ ಹೆಸರು ಹೇಳಿದ್ಲು, ಸರಿ. ಅಪ್ಲಿಕೇಶನ್ನಿನಲ್ಲಿ ತಂದೆ ಹೆಸರು ಅಂತ ಇರ್ತದಲ್ಲ, ಅಲ್ಲಿ ಏನು ಬರ್ದಿದ್ಲು?”